ತಾಳಕ್ಕೆ ತೂಗುವ ತಲೆ

ಹಾಡಿನ ಮೇಡಂ ಅವರ ತಲೆ ಸದಾ ತೂಗುತ್ತಿತ್ತು. ಅಂತರಂಗದಲ್ಲಿ ಅವಿರತವಾಗಿ ನಡೆಯುತ್ತಿದ್ದ ಯಾವುದೋ ತಾಳಕ್ಕೆ ಅದು ಮೆಲ್ಲಗೆ ಮೇಲೆ ಕೆಳಗೆ ಆಡುವುದನ್ನು ಕಂಡವರೆಲ್ಲ ತಮ್ಮ ಮಾತಿಗೆ ಸಮ್ಮತಿ ಸಿಕ್ಕಿತೆಂದು ಹಿಗ್ಗುತ್ತಿದ್ದರು. ಆಮೇಲೆ ಮೇಡಂ ತಮಗೆ ಸರಿಕಂಡದ್ದನ್ನೇ ಮಾಡಿದಾಗ ಪೆಚ್ಚಾಗುತ್ತಿದ್ದರು. ಹೊಸ ಕೋಟು ಹೊಲಿಸಿಕೊಳ್ಳಲು ಅವರನ್ನು ಒಪ್ಪಿಸಿಬಿಟ್ಟೆನೆಂದು ಬೀದಿಯ ದರ್ಜಿ ಎಷ್ಟೋ ವರ್ಷಗಳಿಂದ ನಂಬಿಕೊಂಡಿದ್ದ. ಮೊಣಕೈ ಸವೆದು ಹೊಳೆಯುತ್ತಿದ್ದ ಹಳೆಯ ಕಂದು ಕೋಟು ಮಾತ್ರ, ಜೇಬಿನಲ್ಲಿ ಸೀಮೆಸುಣ್ಣವನ್ನೂ ಮಕ್ಕಳ ಮೂಗೊರೆಸುವ ಕರವಸ್ತ್ರವನ್ನೂ ಹೊತ್ತು, ಮೆಟ್ಟಿಲನ್ನು ಸಹ ಲಯ ತಪ್ಪದೆ ಏರುವ ಅವರ ಮೈಮೇಲೆ ಠೀವಿಯಿಂದ ಕುಳಿತಿರುತ್ತಿತ್ತು. ಸ್ವರ ತಪ್ಪಲಿ, ತಂತಿ ಹರಿಯಲಿ, ಅವರದು ಒಂದೇ ಮಾತು: "ಇರ್ಲಿ, ಮುಂದೆ."

ಆ ವರ್ಷ ಶಾಲೆಯ ಮಕ್ಕಳಿಗಾಗಿ ಅವರು ಒಂದು ಹಾಡುನಾಟಕ ಬರೆದರು. ಕುದುರೆಲಾಯಕ್ಕೆ ಒಂದು ಕತ್ತೆಮರಿ ಬಂದು ಸೇರುತ್ತದೆ. ಅದರ ದನಿ ಕೇಳಿ ಕುದುರೆಮರಿಗಳೆಲ್ಲ ಹಂಗಿಸುತ್ತವೆ. ಅವುಗಳಲ್ಲೇ ಅತಿ ಜಂಬದ ಮರಿಯೊಂದು ಮಂಜಿನಲ್ಲಿ ದಾರಿ ತಪ್ಪಿದಾಗ ಅದೇ ದನಿ ಅದನ್ನು ಮನೆಗೆ ಕರೆತರುತ್ತದೆ. ಕಥೆಗಾಗಿ ಅವರು ಬಹಳ ದೂರ ಹೋಗಬೇಕಾಗಿರಲಿಲ್ಲ. ತರಗತಿಯಲ್ಲೇ ಒಬ್ಬ ದಪ್ಪ ದನಿಯ ಹುಡುಗಿ ಇದ್ದಳು. ಬಾಯಿ ತೆರೆದರೆ ಸಾಕು, 'ಬಾಣಲೆ' ಬಡಿಯಿತೆಂದು ನಗೆಯೇಳುತ್ತಿತ್ತು. ಆ ಹೆಸರಿಟ್ಟವನು ಶಿಕ್ಷಕರೆಲ್ಲ 'ಜೇನುಗಂಟಲು' ಎಂದು ತಲೆಯ ಮೇಲೆ ಕೂರಿಸಿಕೊಂಡಿದ್ದ ಹುಡುಗ. ಪಾತ್ರ ಹಂಚುವ ದಿನ ಹುಡುಗಿ ನೆಲ ನೋಡುತ್ತ ಬಂದಳು.

"ಕತ್ತೆ ನಾನೇ ಆಗ್ತೀನಿ ಮೇಡಂ. ಹೇಗಿದ್ರೂ ನನ್ನ ದನಿಗೆ ನಗ್ತಾರೆ."

"ಹೇಗಿದ್ರೂ ಅಂತಾದ್ರೆ ಬೇಡಮ್ಮ. ಬೇಕು ಅನ್ಸಿದ್ರೆ ಬಾ."

ಹುಡುಗಿ ಹೊರಟುಹೋದಳು. ಮರುದಿನ ಬಂದು, ಈ ಸಲ ಮುಖ ನೋಡಿಯೇ, "ಬೇಕು" ಎಂದಳು.

ಜಂಬದ ಕುದುರೆಮರಿ ಜೇನುಗಂಟಲಿನವನೇ. ಆದರೆ ಅಭ್ಯಾಸ ಅರ್ಧಕ್ಕೆ ಬರುವಷ್ಟರಲ್ಲಿ ಅವನ ದನಿ ಒಡೆಯಿತು. ಮೇಲಿನ ಸ್ವರಕ್ಕೆ ಏರಹೋಗಿ ಕೀರಲಿದಾಗ, ಅವನ ಜೊತೆ ಸೇರಿ ನಕ್ಕವರೇ ಅವನನ್ನು ನೋಡಿ ನಕ್ಕರು. ಹುಡುಗ ಪರದೆಯ ಹಿಂದೆ ಹೋಗಿ ಕುಳಿತ. ಸುದ್ದಿ ತಿಳಿದ ಹೆಡ್‌ಮಿಸ್ ಧಾವಿಸಿ ಬಂದರು.

"ಇವನ ಗಂಟಲು ಈಗ ಕೆಟ್ಟಿದೆ, ಆ ಹುಡುಗೀದು ಮೊದಲಿಂದ್ಲೂ ಹಾಗೇ. ಇಬ್ರೂ ಬರೀ ಬಾಯಾಡಿಸ್ಲಿ, ಹಾಡು ಟೇಪಲ್ಲಿ ಬರ್ಲಿ. ಆಯ್ತಾ?"

ಮೇಡಂ ಅವರ ತಲೆ ತೂಗುತ್ತಿತ್ತು. ಹೆಡ್‌ಮಿಸ್ ನಿರಾಳವಾಗಿ ಹೊರಟುಹೋದರು.

ಆಮೇಲೆ ಮೇಡಂ ಹುಡುಗನನ್ನು ಹಾರ್ಮೋನಿಯಂ ಮುಂದೆ ಕೂರಿಸಿ, ಅದರ ಒಂದೊಂದೇ ಸ್ವರದ ಮನೆ ಒತ್ತುತ್ತ, ಅವನ ದನಿಯನ್ನು ಹುಡುಕುತ್ತ ಕೆಳಕ್ಕಿಳಿದರು. ಅದು ನಡುಗದೆ ನಿಂತದ್ದು ಹುಡುಗಿಯ ಶ್ರುತಿಯಲ್ಲಿ.

"ಬಾಣಲೆ ಶ್ರುತೀಲಿ ನಾನು ಹಾಡಲ್ಲ" ಎಂದು ಹುಡುಗ ಮುಖ ತಿರುಗಿಸಿದ.

"ಮೇಲೆ ಹಾಡಿದ್ರೆ ನಗ್ತಾರೆ, ನಂಗೊತ್ತು" ಎಂದಳು ಪಕ್ಕದಲ್ಲೇ ನಿಂತಿದ್ದ ಹುಡುಗಿ. "ಈ ಮನೇಲಿ ಜಾಗ ಇದೆ. ಬೇಕಾದ್ರೆ ಬಾ."

ಹುಡುಗ ಬರುತ್ತಾನೋ ಇಲ್ಲವೋ ಎಂಬುದು ಪ್ರದರ್ಶನದ ದಿನದವರೆಗೂ ಖಚಿತವಿರಲಿಲ್ಲ. ಅಂದು ಟೇಪು ಪೆಟ್ಟಿಗೆಯಲ್ಲೇ ಉಳಿಯಿತು. ಬಿಳಿಯ ಬಟ್ಟೆಯ ಮಂಜಿನ ನಡುವೆ ಹುಡುಗಿ ದಪ್ಪ ದನಿಯಲ್ಲಿ ಕರೆದಾಗ ಸಭೆಯಲ್ಲಿ ಒಂದೆರಡು ನಗೆ ಕೇಳಿತು. ಮುಂದಿನ ಸಾಲಿನ ಹೆಡ್‌ಮಿಸ್ ಕಣ್ಣು ಕೆಂಪಗೆ ಮಾಡಿ ಹಾರ್ಮೋನಿಯಂ ಕಡೆ ತಿರುಗಿದರು. ಮೇಡಂ ತಿದಿಯನ್ನು ಇನ್ನಷ್ಟು ಒತ್ತಿದರು. ಉತ್ತರ ಕೊಡಬೇಕಾದ ಹುಡುಗ ಬಾಯಿ ತೆರೆಯದೆ ನಿಂತಿದ್ದ. ಹುಡುಗಿ ಸ್ವರ ಬಿಡಲಿಲ್ಲ. ಉಸಿರು ಸಾಲದೆ ಮುಖ ಕೆಂಪೇರಿದರೂ, ಅವನಿಗಾಗಿ ಹಿಡಿದೇ ನಿಂತಳು. ಆಗ ಅವನು ಒಡಕು ದನಿಯಲ್ಲೇ ಆ ಸ್ವರದ ಪಕ್ಕಕ್ಕೆ ಬಂದು ಸೇರಿದ. ನಗು ತಾನಾಗಿ ನಿಂತಿತು.

ಮಕ್ಕಳ ದನಿ ತಿದ್ದುವ ಗುರುಗಳಿಗೆ ಲೋಕದಲ್ಲಿ ಬರವಿಲ್ಲ. ಮಗುವಿನ ಎತ್ತರಕ್ಕೆ ಹಾಡನ್ನೇ ಇಳಿಸಿಕೊಡುವವರು ಅಪರೂಪ. ಅಂಥವರು ಸ್ನೇಹದ ಮೇಲೆ ಉಪನ್ಯಾಸ ಕೊಡುವುದಿಲ್ಲ, ಕೈಕೈ ಹಿಡಿಸುವುದಿಲ್ಲ. ಇಬ್ಬರು ನಿಲ್ಲಬಹುದಾದ ಒಂದು ಸ್ವರವನ್ನು ಹುಡುಕಿ, ಅದನ್ನು ಒತ್ತಿಹಿಡಿದು, ಮಿಕ್ಕದ್ದನ್ನು ಮಕ್ಕಳಿಗೆ ಬಿಡುತ್ತಾರೆ.