ಮೂತಿಯಿಲ್ಲದ ಹನ್ನೆರಡು

ಅವರೆಕಾಯಿಗೆ ಸೊಗಡು ಏರಿದ್ದ ಡಿಸೆಂಬರ್ ಕೊನೆ. ಬೋಗಾದಿಯ ಶೆಡ್ಡಿನಲ್ಲಿ ಮಂಟೇಸ್ವಾಮಿ ಬೆಳಿಗ್ಗೆ ಎಂಟಕ್ಕೇ ಲೇತ್ ಚಾಲೂ ಮಾಡಿ, ಹನ್ನೆರಡನೆಯ ಡಮ್ಮಿ ಗುಂಡಿಗೆ ನುಣುಪು ಕೊಡುತ್ತಿದ್ದ. ಮದ್ದಿಲ್ಲದ, ಬರೀ ಅಲ್ಯೂಮಿನಿಯಂ ಗುಂಡುಗಳು. ಯುದ್ಧವಾಹನದ ಫಿರಂಗಿಗೆ ಗುಂಡು ಉಣಿಸುವ ಹೊಸ ಪೆಟ್ಟಿಗೆಯಲ್ಲಿ ಇವು ಸಿಕ್ಕಿಕೊಳ್ಳದೆ ಹಾಯಬೇಕು. ಮಧ್ಯಾಹ್ನ ಕಂಪನಿಯವರು ಬಂದು ನೋಡುತ್ತಾರೆ. ಅವರು ಒಪ್ಪದಿದ್ದರೆ ಕೆಲಸ ಬೇರೆ ಕಡೆಗೆ, ಮಂಟೇಸ್ವಾಮಿಯ ಮೂವತ್ತು ವರ್ಷದ ಲೇತ್ ಗುಜರಿಗೆ ಎಂದು ಮಾಲೀಕರು ಹೇಳಿಯಾಗಿತ್ತು.

ಇಂಜಿನಿಯರ್ ಬೀನಾ ಕೆಸರೆಯಿಂದ ಸ್ಕೂಟರಿನಲ್ಲಿ ಬಂದವಳು ಹೆಲ್ಮೆಟ್ಟನ್ನೂ ತೆಗೆಯದೆ ಗುಂಡುಗಳ ಮುಂದೆ ನಿಂತಳು. ಅವಳಪ್ಪ ಅಮಲದಾಸ್ ಹಿಂದೆ ಇದೇ ಶೆಡ್ಡಿನಲ್ಲಿ ದುಡಿದವನು. ಹಾಗಾಗಿ ಮಂಟೇಸ್ವಾಮಿ ಅವಳಿಗೆ ಮಾಮ.

“ಮಾಮ, ಗುಂಡಿನ ತುದಿಗೆ ಇದೇನಿದು ಚೂಪು ಮೂತಿ?”

“ನೀನು ನಕ್ಷೆಲಿ ಮರ್ತಿದ್ದೆ ಕಣವ್ವ. ಬರೀ ಡಬ್ಬ ಬರ್ದಿದ್ದೆ. ಕೂಸು ಬೈಸ್ಕತದೆ ಅಂತ ನಾನೇ ಸೇರಿಸ್ಬುಟ್ಟೆ. ಯಾರ್ಗೂ ಹೇಳಿಲ್ಲ ಬುಡು.”

ಬೀನಾ ಒಂದು ಗುಂಡನ್ನು ಪೆಟ್ಟಿಗೆಯ ಬಾಯಿಗಿಟ್ಟಳು. ಮೂತಿ ಆಚೆಯೇ ಉಳಿಯಿತು.

“ಪೆಟ್ಗೇನೂ ಗಿಡ್ಡ ಮಾಡ್ಸಿದ್ದೀಯ,” ಎಂದ ಮಂಟೇಸ್ವಾಮಿ, ಕನಿಕರದಿಂದ.

“ಹೊಸ ಗುಂಡೇ ಹಿಂಗೆ ಮಾಮ. ಮೂತಿ ಡಬ್ಬದಂಥ ಕೋಶದೊಳ್ಗೆ ಹೂತಿರ್ತದೆ, ಸುತ್ತ ಮದ್ದು. ಉದ್ದ ಕಮ್ಮಿ, ಗಾಡಿಲಿ ಜಾಸ್ತಿ ಹಿಡಿಸ್ತವೆ.”

“ಮೂತಿ ಒಳ್ಗಿದ್ರೆ ಗುಂಡು ಎಂಗವ್ವ ಆಚ್ಗೆ ಬಂದದು?”

ಬಿಡುವಿನಲ್ಲಿ ಸುಲಿದುಕೊಂಡು ಬಾ ಎಂದು ಅವನ ಹೆಂಡತಿ ಮಂಗಳಮ್ಮ ಕೊಟ್ಟಿದ್ದ ಅವರೆಕಾಯಿ ಚೀಲ ಸ್ಟೂಲಿನ ಮೇಲಿತ್ತು. ಬೀನಾ ಒಂದು ಕಾಯಿ ತೆಗೆದು ಅವನ ಅಂಗೈಗಿಟ್ಟಳು. “ಹಿಸುಕಿ ನೋಡಿ.”

ಹಿಸುಕಿದ. ಕಾಳು ಪುಳಕ್ಕನೆ ಹಾರಿ ಅವಳ ಹೆಲ್ಮೆಟ್ಟಿಗೆ ಬಡಿಯಿತು. ಮಂಟೇಸ್ವಾಮಿ ಖಾಲಿ ಸಿಪ್ಪೆಯನ್ನು ತಿರುಗಿಸಿ ನೋಡಿ ಚೀಲದ ಪಕ್ಕ ಇಟ್ಟ.

“ಆದ್ರೂ ನಂಗೆ ನಂಬ್ಕೆ ಇಲ್ಲ. ಈ ಬೋಳುಗಳು ಹನ್ನೆರಡೂ ಸಲೀಸಾಗಿ ಹಾದ್ರೆ, ನಾಳೆ ನಿಂಗೆ ಹಿತ್ಕಿದ ಬೇಳೆ ಸಾರು.”

“ಮುದ್ದೆ?”

“ಮುದ್ದೇನೂವೆ.”

ಕೋಶದ ಅಳತೆ ಸರಿಯಾಗಿಯೇ ಇತ್ತು. ತಾನೇ ಕನ್ನಡಿಯಂತೆ ಹೊಳಪು ಕೊಟ್ಟಿದ್ದ ಮೂತಿಗಳನ್ನು ಮಂಟೇಸ್ವಾಮಿ ಒಂದೊಂದಾಗಿ ಕೊಯ್ದು ಕೆಡವಿದ.

“ಮೆಲ್ಲಗೆ ಮಾಮ, ಪಾಪ ನೋಯ್ತದೆ.”

“ನಿಮ್ಮಪ್ಪನೂ ಇಂಗೇ ಪಕ್ಕದಲ್ಲಿ ನಿಂತ್ಕಂಡು ಹಲ್ಲು ಕಿರೀತಿದ್ದ.”

ಮಧ್ಯಾಹ್ನ ಕಂಪನಿಯವರ ಮುಂದೆ ಪೆಟ್ಟಿಗೆಯ ಹಿಡಿ ತಿರುಗಿಸಿದವನೂ ಅವನೇ. ಹನ್ನೆರಡೂ ಒಂದರ ಹಿಂದೊಂದು ಹೊರಬಂದು ತಟ್ಟೆಯಲ್ಲಿ ಕೂತವು. ಬಂದವರು ತಾವೂ ಒಮ್ಮೆ ತಿರುಗಿಸಿ ನೋಡಿ, ಸಹಿ ಹಾಕಿ ಹೋದರು. ಮಂಟೇಸ್ವಾಮಿ ಲೇತಿನ ಮೇಲೆ ಸುಮ್ಮನೆ ಕೈಯಾಡಿಸಿದ. ಬೀನಾ ಕೊಯ್ದ ಮೂತಿಯೊಂದನ್ನು ತನ್ನ ಮೇಜಿನ ಕಾಗದಗಳ ಮೇಲಿಟ್ಟು, “ಸಾರು ಬರೋವರ್ಗೂ ಇದು ನನ್ ಹತ್ರ ಅಡ” ಎಂದಳು.

ಮರುದಿನ ಕ್ಯಾರಿಯರ್ ಬಂತು. ಬೀನಾ ತಳದ ಕಾಳನ್ನೂ ಬಿಡದೆ ಉಂಡಳು. ಮಂಟೇಸ್ವಾಮಿ ಮೂತಿಗೆ ಕೈ ಚಾಚಿದ.

“ಮುದ್ದೆ ಎಲ್ಲಿ ಮಾಮ? ಬರೀ ಅನ್ನ ಇತ್ತು.”

ಅವನು ತಲೆ ಕೆರೆದುಕೊಂಡ.

“ಮರ್ತಿದ್ದೀರಿ. ಯಾರ್ಗೂ ಹೇಳಲ್ಲ ಬುಡಿ,” ಎನ್ನುತ್ತ ಬೀನಾ ಮೂತಿಯನ್ನು ಮೇಜಿನ ಈಚೆಗೆ ತನ್ನ ಕಡೆಗೆ ಎಳೆದುಕೊಂಡಳು.