ಭಾವನ ಬ್ಲೇಡಿಗೆ ಅಕ್ಕನ ಬೊಟ್ಟು

ಆಂಧ್ರದ ಚೀಮಕುರ್ತಿಯ ಕಲ್ಲುಕೊಯ್ಯುವವರು ಆಯುಧಪೂಜೆಯಂದು ಯಂತ್ರಗಳಿಗೆ ಕುಂಕುಮದ ಬೊಟ್ಟಿಟ್ಟು ಮಲಗಿಸುತ್ತಾರೆ. ಮರುದಿನ ಶಾಸ್ತ್ರಿಗಳು ಕೊಟ್ಟ ಗಳಿಗೆಯಲ್ಲಿ ಮೊದಲ ಕೊಯ್ತ. ಬೊಟ್ಟನ್ನು ಯಾರೂ ಒರೆಸುವಂತಿಲ್ಲ; ತಿರುಗಿ ತಿರುಗಿ ತಾನೇ ಹೋಗಬೇಕು.

ಈ ಸಲದ ಮೊದಲ ಕೊಯ್ತವನ್ನು ಚೆಂಚಯ್ಯ ಭಾವ ಅಂಕಮ್ಮಕ್ಕನ ಅಡುಗೆಕಟ್ಟೆಗೆ ಮೀಸಲಿಟ್ಟಿದ್ದರು. ಊರಿಗೆಲ್ಲ ಕಪ್ಪುಕಲ್ಲು ಹಾಸಿದವರ ಹೆಂಡತಿ ಒಂಬತ್ತು ವರ್ಷದಿಂದ ಬಿರುಕುಬಿಟ್ಟ ಸಿಮೆಂಟಿನ ಮೇಲೆ ಗೋಂಗೂರ ಸೊಪ್ಪು ಸೋಸುತ್ತಿದ್ದಳು. ಅಂಗಳದಲ್ಲಿ ಚಪ್ಪಡಿ ಸಿದ್ಧವಾಗಿತ್ತು. ಸಿಂಕಿನ ಜಾಗಕ್ಕೆ ಸೀಮೆಸುಣ್ಣದ ಚೌಕ. ನೀರು ಹೊಯ್ಯಲು ಚೊಂಬು ಹಿಡಿದು ನಾನು.

"ಗಳಿಗೆ ಇರೋದು ಇಪ್ಪತ್ನಾಲ್ಕೇ ನಿಮಿಷ. ನಾಲ್ಕಿಂಚಿನ ಬ್ಲೇಡಲ್ಲಿ ಸ್ವಲ್ಪ ಸ್ವಲ್ಪ ಇಳಿಸ್ತಾ ಕೂತರೆ ದೀಪಾವಳಿ ಬರುತ್ತೆ," ಎಂದರು ಭಾವ. "ಐದಿಂಚಿಂದು ತಂದಿದೀನಿ. ಒಂದೇ ಏಟಿಗೆ ಆಚೆಗೆ."

"ಮಷಿನ್ನು ನಾಲ್ಕಿಂಚಿಂದಲ್ವಾ ಭಾವ? ಗಾರ್ಡು ಎಲ್ಲಿ?"

ಬ್ಲೇಡಿಗೆ ಮುಚ್ಚಳವಾಗಿರಬೇಕಿದ್ದ ಗಾರ್ಡು ತುಳಸಿಕಟ್ಟೆಯ ಮೇಲೆ ಚೆಂಡುಹೂ ಮುಡಿದು ಕೂತಿತ್ತು. ಕಲ್ಲಿನ ಚೂರು ಕಣ್ಣಿಗೆ ಸಿಡಿಯದಂತೆ ಭಾವ ಹಾಕಬೇಕಿದ್ದ ಕನ್ನಡಕ ಅದಕ್ಕೇ ಜೋತುಬಿದ್ದಿತ್ತು.

"ಐದಿಂಚು ಅದರೊಳಗೆ ಹಿಡಿಸಲ್ಲ, ಬಿಚ್ಚಿಟ್ಟೆ. ಬಿ.ಕಾಂ ಓದಿದೋನು ನೀನು, ನೀರು ಹುಯ್ಯಿ ಸಾಕು."

ಭಾವ ಗುಂಡಿ ಒತ್ತಿದರು. ಯಂತ್ರ ಎಂದಿನಂತೆ 'ಜುಯ್' ಎನ್ನಲಿಲ್ಲ. ಗಂಟಲಲ್ಲಿ ಮೀನುಮುಳ್ಳು ಸಿಕ್ಕಿದವರಂತೆ 'ಗ್ರ್ರ್ರ್' ಎಂದು ಕಲ್ಲನ್ನು ನೆಕ್ಕಿತೇ ಹೊರತು ಕೊಯ್ಯಲಿಲ್ಲ. ಭಾವ ಮೈಭಾರ ಹಾಕಿ ಒತ್ತಿದರು. ಬ್ಲೇಡು ನಡುಗಿತು. ಅವರ ಮುಖ ಅದಕ್ಕೆ ಎರಡು ಗೇಣು ದೂರದಲ್ಲಿತ್ತು.

ಯಂತ್ರ ನಿಂತಿತು. ಅಕ್ಕ ಗೋಡೆಯಿಂದ ಪ್ಲಗ್ಗು ಕಿತ್ತಿದ್ದಳು.

"ಏನೇ ಇದು, ಇನ್ನು ಹದಿನೆಂಟೇ ನಿಮಿಷ."

ಅಕ್ಕ ಬ್ಲೇಡು ಪೂರ್ತಿ ನಿಲ್ಲುವವರೆಗೆ ಕಾದು, ಸೆರಗು ಒದ್ದೆ ಮಾಡಿಕೊಂಡು ಕೂತಳು.

"ಬೊಟ್ಟು ಒರೆಸ್ತೀಯಾ? ಹಬ್ಬದ ದಿನ?"

"ಇದರ ಬೊಟ್ಟು ಈಗ ಒರೆಸದೇ ಇದ್ದರೆ, ಆಮೇಲೆ ನನ್ನ ಬೊಟ್ಟು ಒರೆಸ್ಕೋಬೇಕಾಗುತ್ತೆ ಕಣ್ರೀ."

ಅಕ್ಕ ಸೆರಗಿನಿಂದ ಬ್ಲೇಡು ಒರೆಸಿದಳು. ಕುಂಕುಮದ ಅಡಿಯಿಂದ ಅಕ್ಷರ ಎದ್ದವು. ನಾನು ಓದಿದೆ: ಈ ಬ್ಲೇಡು ತಡೆಯುವುದು ನಿಮಿಷಕ್ಕೆ ಹನ್ನೆರಡು ಸಾವಿರದ ಇನ್ನೂರು ಸುತ್ತು. ಯಂತ್ರದ ಮೈಮೇಲಿನ ಚೀಟಿಯಂತೆ ಅದು ತಿರುಗುವುದು ಹದಿಮೂರು ಸಾವಿರ.

"ಎಂಟುನೂರು ತಾನೇ ಹೆಚ್ಚು," ಎಂದರು ಭಾವ. "ಇಪ್ಪತ್ತೆರಡು ವರ್ಷದಿಂದ..."

"ಇನ್ನೂ ಒಂದಿದೆ ಭಾವ. ಬಾಣದ ಗುರುತು."

ಬಾಣ ಯಂತ್ರ ತಿರುಗುವ ದಿಕ್ಕಿಗೆ ಬೆನ್ನು ಹಾಕಿತ್ತು. ಬೊಟ್ಟು ಹೊರಗೆ ಕಾಣಲೆಂದು ಭಾವ ಬ್ಲೇಡನ್ನೇ ತಿರುಗಿಸಿ ಹಾಕಿದ್ದರು. ತಾಳೆ ನೋಡಲು ಗಾರ್ಡಿನ ಮೇಲಿದ್ದ ಬಾಣವೋ, ತುಳಸಿಕಟ್ಟೆಯಲ್ಲಿ ಪೂಜೆ ಮಾಡಿಸಿಕೊಳ್ಳುತ್ತಿತ್ತು.

ಲೆಕ್ಕಕ್ಕೆ ಬಗ್ಗದ ಭಾವ ಬಾಣಕ್ಕೆ ಬಗ್ಗಿದರು. ಆಚೀಚೆ ಮನೆಯ ಕಿಟಕಿಗಳನ್ನೊಮ್ಮೆ ನೋಡಿ, "ಗಟ್ಟಿಯಾಗಿ ಓದಬೇಡ ಮಾರಾಯ," ಎಂದರು.

ಹೂವು ಬಿಡಿಸಿಕೊಂಡು ಗಾರ್ಡು ಯಂತ್ರಕ್ಕೆ ಮರಳಿತು. ನಾಲ್ಕಿಂಚಿನ ಹಳೇ ಬ್ಲೇಡು, ಬಾಣಕ್ಕೆ ಬಾಣ ನೋಡಿ. ಕನ್ನಡಕ, ಮೂಗಿಗೆ ಮುಸುಕು. ನಾನು ನೀರು ಹೊಯ್ದೆ; ಯಂತ್ರ 'ಜುಯ್' ಎಂದಿತು. ಮೊದಲ ಗೆರೆ ಅರ್ಧಕ್ಕೆ ಬರುವಷ್ಟರಲ್ಲಿ ಗಳಿಗೆ ಮುಗಿದಿತ್ತು. ಯಾರೂ ಗಡಿಯಾರ ನೋಡಲಿಲ್ಲ.

ಎರಡನೆಯ ಗೆರೆಗೆ ಮುಂಚೆ ಅಕ್ಕ ಕುಂಕುಮದ ಬಟ್ಟಲು ತಂದಳು. ಭಾವ ನಿಂತಿದ್ದ ಬ್ಲೇಡಿಗೆ ಅಂಗೈ ಅಡ್ಡ ಹಿಡಿದರು.

"ಇಲ್ಲಿ ಬೇಡ. ನನ್ನ ಹಣೆಗಿಡು."

"ಕನ್ನಡಕ ಅಡ್ಡ ಬರುತ್ತೆ. ತೆಗೀರಿ."

"ಅದು ಮಾತ್ರ ಆಗಲ್ಲ," ಎಂದರು ಭಾವ. "ಇನ್ನೂ ಮೂರು ಗೆರೆ ಇದೆ."