ಹುಳಿ ಹಿಡಿದ ಪೀಪಾಯಿ

ಮೂವರು ಬಗ್ಗಿ ಶವಪೆಟ್ಟಿಗೆಯ ಹಿಡಿಗಳಿಗೆ ಕೈ ಹಾಕಿದರು. ನಾಲ್ಕನೆಯ ಹಿಡಿಗೆ ಯಾರೂ ಬರಲಿಲ್ಲ.

"ಯಾರಾದ್ರೂ ಬನ್ರಪ್ಪಾ, ಸೊಂಟ ಬಿದ್ದುಹೋಗ್ತಿದೆ," ಎಂದ ಪೀಪಾಯಿ ಕಟ್ಟುವವನು.

ಅಂಗಳದ ತುಂಬ ಗಂಡಸರಿದ್ದರು. ಎಲ್ಲರೂ ತಮ್ಮ ತಮ್ಮ ಬೂಟು ನೋಡುತ್ತಿದ್ದರು. ಸ್ಮಶಾನ ದ್ರಾಕ್ಷಿತೋಟಗಳ ಮೇಲಿನ ದಿಬ್ಬದಲ್ಲಿತ್ತು. ಅಲ್ಲಿಗೆ ಗಾಡಿ ಹತ್ತುತ್ತಿರಲಿಲ್ಲ.

"ಮೂಗಮ್ಮ ಯಾರ ಪೀಪಾಯಿ ತಳ್ಳಿಹಾಕಿಲ್ಲ ಹೇಳಿ? ಈಗ ಹೆಗಲು ಬೇಕಂತೆ," ಎಂದಿತು ಹಿಂದಿನಿಂದ ಒಂದು ದನಿ.

ಕಣಿವೆಯ ವೈನ್ ತಯಾರಕರೆಲ್ಲ ಒಂದೇ ಕರಿದ್ರಾಕ್ಷಿಯನ್ನು ನಂಬಿದ್ದರು. ಬೇರೆ ಹಣ್ಣಿನ ರಸ ಸೋಂಕದ ವೈನಿಗೆ ಮಾತ್ರ ಸಂಘದ ಕೆಂಪು ಮುದ್ರೆ. ಅದು ಬೀಳುವುದೂ ಬೀಳದಿರುವುದೂ, ವೈನ್ ಮೂಸಿ ತೀರ್ಪು ಕೊಡುತ್ತಿದ್ದ, ಈಗ ಪೆಟ್ಟಿಗೆಯಲ್ಲಿ ಮಲಗಿದ್ದವಳ ಮೂಗಿಗೆ ಬಿಟ್ಟದ್ದಾಗಿತ್ತು; ಮೂಗಮ್ಮ ಎಂಬ ಹೆಸರು ಬಂದದ್ದೂ ಅದರಿಂದಲೇ.

ಅವಳ ಮಗಳು ಗೇಟಿನ ಬಳಿ ನಿಂತ ಸೋದರಮಾವನತ್ತ ನಡೆದಳು.

"ಮಾವ, ನೀವಾದ್ರೂ ಬನ್ನಿ. ಅಮ್ಮನಿಗೆ ಇದ್ದ ಒಬ್ಬನೇ ತಮ್ಮ ನೀವು."

"ಅಕ್ಕನಂತೆ! ನನ್ನ ವೈನಿಗೆ ಹುಳಿ ಹಿಡಿದಿದೆ ಅಂದವಳು. ಇವತ್ತಿಗೂ ಊರವರು ನನ್ನನ್ನ ಹುಳಿಯಪ್ಪ ಅಂತಾರೆ."

ಯಾರೋ ನಕ್ಕು, ಅದನ್ನು ಕೆಮ್ಮಾಗಿಸಿಕೊಂಡರು.

*

ತಮ್ಮನ ಪೀಪಾಯಿ ಪರೀಕ್ಷೆಗೆ ಬಂದ ಆ ದಿನ, ಸಂಘದ ಕೋಣೆಯಲ್ಲಿ ಅವಳು ಅವನ ಗ್ಲಾಸನ್ನು ಮೂಗಿಗೆ ಹಿಡಿದು, ಕೆಳಗಿಟ್ಟು, ಮತ್ತೆ ಎತ್ತಿಕೊಂಡಿದ್ದಳು. ಬಣ್ಣ ಗಾಢವಾಗಲೆಂದು ಅವನು ಹೊರಗಿನ ಹಣ್ಣು ಬೆರೆಸಿದ್ದ.

"ಏನಮ್ಮಾ?" ಎಂದಿದ್ದ ಸಂಘದ ಅಧ್ಯಕ್ಷ.

"ಹುಳಿ ಹಿಡಿದಿದೆ. ಚರಂಡಿಗೆ ಹೊಯ್ಸಿ."

ಮನೆಗೆ ಬಂದು ಚಪ್ಪಲಿ ಬಿಟ್ಟಳು. ಯಾಕೆ ಹಾಗೆ ಹೇಳಿದೆಯೆಂದು ಮಗಳು ಕೇಳಿದಾಗ, "ಹುಳಿ ಅಂದ್ರೆ ಪೀಪಾಯಿ ಹೋಗುತ್ತೆ. ಕಲಬೆರಕೆ ಅಂದ್ರೆ ಅವನನ್ನೇ ಸಂಘದಿಂದ ಆಚೆ ಹಾಕ್ತಾರೆ," ಎಂದಳು. ಮರುದಿನ ತಮ್ಮನ ಮನೆಗೆ ಹೋದರೆ, ಅವನು ಬಾಗಿಲು ತೆಗೆಯಲಿಲ್ಲ.

*

"ಅದು ಹುಳಿ ಹಿಡಿದಿರಲಿಲ್ಲ! ಎಲ್ಲಿ ಬೇಕಾದ್ರೂ ಆಣೆ ಮಾಡ್ತೀನಿ," ಎಂದು ಮಾವ ಕೂಗಿದ.

"ಮತ್ತೆ ಏನಾಗಿತ್ತು?" ಅಧ್ಯಕ್ಷ ಮುಂದೆ ಬಂದ.

ಮಾವ ಗೇಟಿನತ್ತ ಒಂದು ಹೆಜ್ಜೆ ಹಿಂದೆ ಸರಿದ. ಮಗಳು ಒಮ್ಮೆ ಅವನನ್ನು ನೋಡಿದಳು, ಒಮ್ಮೆ ಪೆಟ್ಟಿಗೆಯನ್ನು.

"ಮಾವ ಹೇಳೋದು ನಿಜ. ಹುಳಿ ಹಿಡಿದಿರಲಿಲ್ಲ," ಎಂದಳು. "ಅಮ್ಮನಿಗೆ ಅವತ್ತು ನೆಗಡಿಯಾಗಿತ್ತು."

ಅಂಗಳ ಹೊತ್ತಿಕೊಂಡಿತು.

"ನೆಗಡಿಯಂತೆ! ಹಾಗಾದ್ರೆ ನನ್ನ ಪೀಪಾಯಿ ಚೆಲ್ಲಿಸಿದ್ದು?"

"ನೆಗಡಿ ಮೂಗಿಗೆ ಇಷ್ಟು ವರ್ಷ ಕೈಮುಗಿದ್ವಲ್ಲ!"

"ಇಳಿಸ್ರೋ ಕೆಳಗೆ! ಅವಳೇ ಎದ್ದು ನಡೆದುಕೊಂಡು ಹೋಗ್ಲಿ!"

ಪೀಪಾಯಿ ಕಟ್ಟುವವನು ಮಾತ್ರ ಹಿಡಿ ಬಿಡಲಿಲ್ಲ.

"ಬಾಯಿ ಮುಚ್ರೋ!" ಮಾವ ಗೇಟು ಬಿಟ್ಟು ಮುಂದೆ ನುಗ್ಗಿದ. "ಅವಳಿಗೆ ಯಾವ ನೆಗಡಿಯೂ ಇರಲಿಲ್ಲ. ಬೆರೆಸಿದ್ದು ನಾನು."

ಅಧ್ಯಕ್ಷ ಅವನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದ.

"ನಾಳೆ ಸಂಘಕ್ಕೆ ಬಾ."

"ಬರ್ತೀನಿ. ಈಗ ದಾರಿ ಬಿಡು."

ಅವನು ನಾಲ್ಕನೆಯ ಹಿಡಿಗೆ ಕೈ ಹಾಕಿದ. ಕೈಬಿಟ್ಟಿದ್ದ ಇಬ್ಬರೂ ಮತ್ತೆ ಬಗ್ಗಿದರು; ಪೆಟ್ಟಿಗೆ ಹೆಗಲೇರಿತು.

ಹೊರುವವರಲ್ಲಿ ಅವನೇ ಎತ್ತರ. ನೆಟ್ಟಗೆ ನಿಂತರೆ ಪೆಟ್ಟಿಗೆ ವಾಲುತ್ತಿತ್ತು. ಜನ ಅವನನ್ನು ಬೈಯುತ್ತ ಹಿಂದೆ ಬರುತ್ತಿದ್ದರು. ಅವನು ಮಂಡಿ ಮಡಿಸಿಕೊಂಡು, ಒಮ್ಮೆಯೂ ನೆಟ್ಟಗಾಗದೆ, ಬಳ್ಳಿಸಾಲುಗಳ ನಡುವೆ ದಿಬ್ಬ ಹತ್ತಿದ.